ಕ್ರಿಸ್‌ಮಸ್ ರಾತ್ರಿಯ ಮುಯ್ಯಾಳು

ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಪಾಳಿಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘24, ಮಧ್ಯಾಹ್ನ 3ರಿಂದ ರಾತ್ರಿ 10’ ಎಂದಿತ್ತು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು: ವಾಲಂಟಿಯರ್. ಅದು 2024ರ ಡಿಸೆಂಬರ್. ದಕ್ಷಿಣ ಜರ್ಮನಿಯಲ್ಲಿ ಫ್ರೈಬುರ್ಗ್ ಕಡೆಯ ಒಂದು ಊರು, ಬೆನ್ನಿಗೆ ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳು. ಕೆಲಸ ಅಲ್ಲಿನ ಒಂದು ಹಾಸ್ಟೆಲಿನಲ್ಲಿ. ಹಾಸ್ಟೆಲ್ ಎಂದರೆ ನಮ್ಮಲ್ಲಿ ವಿದ್ಯಾರ್ಥಿನಿಲಯವೇ ನೆನಪಾಗುತ್ತದೆ. ಅಲ್ಲಿಯದು ಪ್ರವಾಸಿಗರಿಗೆ ಕೋಣೆಯ ಬದಲು ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಜಾಗ, ಖಾಸಗಿಯವರದು. ವಾರಕ್ಕೆ 25 ಗಂಟೆ ಕೆಲಸ ಮಾಡಿದರೆ ಮಲಗಲು ಒಂದು ಹಾಸಿಗೆ, ಬೆಳಿಗ್ಗೆ ತಿಂಡಿ. ಎರಡು ವಾರಕ್ಕೆ ಒಪ್ಪಿಕೊಂಡು ಹೋಗಿದ್ದೆ. ಅಮ್ಮನಿಗೆ ಫೋನಿನಲ್ಲಿ ‘ಸ್ವಯಂಸೇವೆ’ ಎಂದಿದ್ದೆ. ‘ಒಳ್ಳೇದಾಯ್ತು, ಯಾರಿಗೆ ಸೇವೆ?’ ಎಂದು ಕೇಳಿದಳು. ಉತ್ತರ ಬಾಯಿಗೆ ಬರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇಂಥ ಕೆಲಸಕ್ಕೆ ಹೋಗುವವರೆಲ್ಲ ಊರು ಸುತ್ತುವ ಹುಮ್ಮಸ್ಸಿನಿಂದಲೇ ಹೋಗುತ್ತಾರೆ ಎಂದುಕೊಳ್ಳಬಾರದು. ನನ್ನ ಕಾರಣ ಬೇರೆಯಿತ್ತು. ಜರ್ಮನಿಯಲ್ಲಿ ನಾನು ಓದುತ್ತಿದ್ದ ವಿಶ್ವವಿದ್ಯಾಲಯಕ್ಕೆ ರಜೆ ಬಂದಿತ್ತು. ಒಂದೇ ಅಡುಗೆಮನೆ ಹಂಚಿಕೊಂಡಿದ್ದ ಜರ್ಮನ್ ಹುಡುಗರು ಒಬ್ಬೊಬ್ಬರಾಗಿ ಪೆಟ್ಟಿಗೆ ಎಳೆದುಕೊಂಡು ಅಪ್ಪ-ಅಮ್ಮನ ಮನೆಗೆ ಹೊರಟರು. ಜರ್ಮನಿಯಲ್ಲಿ ಹಬ್ಬ 25ರಂದಲ್ಲ, 24ರ ಸಂಜೆಯೇ. ಅಂದು ಮಧ್ಯಾಹ್ನ 2 ಗಂಟೆಯೊಳಗೆ ಅಂಗಡಿಗಳು ಬಾಗಿಲು ಹಾಕುತ್ತವೆ; 25, 26 ಎರಡೂ ದಿನ ರಜೆ. ಒಂದು ತಿಂಗಳು ದೀಪ, ದಾಲ್ಚಿನ್ನಿ ವಾಸನೆ, ಬಿಸಿ ವೈನಿನ ಹಬೆಯಲ್ಲಿ ಗಿಜಿಗುಡುತ್ತಿದ್ದ ಚೌಕ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಗಿಬಿಡುತ್ತದೆ. ನಮ್ಮ ದೀಪಾವಳಿ ಅಂಗಳಕ್ಕೆ, ಬೀದಿಗೆ ಬರುವ ಹಬ್ಬ. ಮನೆಯಿಲ್ಲದವನೂ ಬೀದಿಯಲ್ಲಿ ನಿಂತು ಬೆಳಕು ನೋಡಬಹುದು. ಅವರ ಕ್ರಿಸ್‌ಮಸ್ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವ ಹಬ್ಬ. ಹೊರಗೆ ಉಳಿದವನಿಗೆ ತಾನು ಹೊರಗಿದ್ದೇನೆ ಎನ್ನುವುದು ಆ ಮೂರು ದಿನದಷ್ಟು ಬೇರೆಂದೂ ತಟ್ಟುವುದಿಲ್ಲ. ಈಚಿನ ವರ್ಷಗಳಲ್ಲಿ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು. ಅವರಲ್ಲಿ ಕನ್ನಡದ ಹುಡುಗ ಹುಡುಗಿಯರು ಎಷ್ಟೋ ಮಂದಿ. ಡಿಸೆಂಬರ್ ಕೊನೆಯ ವಾರದ ಆ ಖಾಲಿ ಕಾರಿಡಾರನ್ನು ಅವರೆಲ್ಲ ಬಲ್ಲರು. ನಾಲ್ಕು ಜನರ ಮುಖ ಕಾಣಲಿ ಎಂದೇ ನಾನು ಹಾಸ್ಟೆಲಿಗೆ ಹೋದದ್ದು.

ಹಾಗೆ ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಹಬ್ಬದ ದಿನ ಹೋಗಲು ಮನೆಯಿಲ್ಲದವರ ಒಂಟಿತನ ಅಲ್ಲಿ ಅಗ್ಗದ ದುಡಿಮೆಯಾಗಿ ಬಳಕೆಯಾಗುತ್ತಿದೆ, ಸೇವೆ ಎಂಬ ಹೆಸರು ಅದರ ಲೆಕ್ಕವನ್ನು ಮರೆಮಾಡುತ್ತಿದೆ. ಆ ಹೆಸರನ್ನು ಅಲ್ಲಿಂದ ತೆಗೆಯಬೇಕು. ಹಾಸ್ಟೆಲ್ ಎಂಬ ಕಲ್ಪನೆಯ ಮೇಲೆ ನನಗಿರುವ ಪ್ರೀತಿಯಿಂದಲೇ ಇದನ್ನು ಹೇಳುತ್ತಿದ್ದೇನೆ.

ಆ ಕಲ್ಪನೆಗೂ ಕ್ರಿಸ್‌ಮಸ್‌ಗೂ ಹಳೆಯ ನಂಟಿದೆ. ಯೂತ್ ಹಾಸ್ಟೆಲಿಗೆ ಜರ್ಮನ್ನರು ‘ಯೂಗೆಂಡ್‌ಹೆರ್‌ಬೆರ್ಗೆ’ ಎನ್ನುತ್ತಾರೆ. ತುಂಬು ಬಸುರಿ ಮರಿಯಳಿಗೆ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗಲಿಲ್ಲವಲ್ಲ, ಮಾರ್ಟಿನ್ ಲೂಥರ್ ತನ್ನ ಬೈಬಲ್ ಅನುವಾದದಲ್ಲಿ ಆ ಛತ್ರಕ್ಕೆ ಬಳಸಿದ ಪದವೂ ‘ಹೆರ್‌ಬೆರ್ಗೆ’ಯೇ. ಯೇಸು ಹುಟ್ಟಿದ ರಾತ್ರಿ ತೆರೆಯದೆ ಹೋದ ಬಾಗಿಲಿನ ಹೆಸರನ್ನೇ ಯಾರಿಗೂ ಮುಚ್ಚದ ಬಾಗಿಲಿಗೆ ಇಟ್ಟಂತಾಯಿತು. ಆ ಬಾಗಿಲು ತೆರೆದವನು ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಮೇಷ್ಟ್ರು. 1909ರ ಆಗಸ್ಟ್‌ನಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಮಳೆಗೆ ಸಿಕ್ಕಿ, ರಾತ್ರಿ ಒಂದು ಹಳ್ಳಿಯ ಶಾಲೆಯಲ್ಲಿ ತಂಗಬೇಕಾಯಿತು. ರಜೆಯಲ್ಲಿ ಶಾಲೆಗಳು ಖಾಲಿ ಬಿದ್ದಿರುತ್ತವೆ, ನಡೆದು ಬರುವ ಮಕ್ಕಳಿಗೆ ತಂಗಲು ಜಾಗವಿಲ್ಲ. ಇವೆರಡನ್ನೂ ಯಾಕೆ ಕೂಡಿಸಬಾರದು ಎಂದು ಅವನಿಗೆ ಹೊಳೆದದ್ದು ಆಗ. 1912ರಲ್ಲಿ ಆಲ್ಟೇನಾದ ಹಳೆಯ ಕೋಟೆಯಲ್ಲಿ ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು.

ಅಷ್ಟರಲ್ಲಿ ಮಹಾಯುದ್ಧ. 1915ರ ಡಿಸೆಂಬರಿನಲ್ಲಿ ಈ ಮೇಷ್ಟ್ರು ಸೈನಿಕನಾಗಿ ವೋಜ್ ಪರ್ವತದ ಕಂದಕದಲ್ಲಿದ್ದ. ನಾನಿದ್ದ ಊರಿನ ಗುಡ್ಡ ಹತ್ತಿ ಪಶ್ಚಿಮಕ್ಕೆ ನೋಡಿದರೆ ರೈನ್ ನದಿಯ ಬಯಲಿನಾಚೆ ನೀಲಿಯಾಗಿ ಕಾಣುವ ಸಾಲು ಅದೇ ವೋಜ್. ಕ್ರಿಸ್‌ಮಸ್ ಗಂಟೆಗಳು ಹಿಂದಿನ ಹಳ್ಳಿಗಳಿಂದ ಕೇಳಿಸಿದಾಗ ಎರಡೂ ಕಡೆಯ ಸೈನಿಕರು, ಯಾರ ಆಜ್ಞೆಯೂ ಇಲ್ಲದೆ, ಗುಂಡು ಹಾರಿಸುವುದನ್ನು ನಿಲ್ಲಿಸಿದರು. ಬಳಕೆ ತಪ್ಪಿದ ಸುರಂಗಗಳಲ್ಲಿ ತೂರಿ ಒಬ್ಬರ ಕಡೆಗೊಬ್ಬರು ಹೋದರು. ಫ್ರೆಂಚರು ವೈನ್, ಕೊನ್ಯಾಕ್, ಸಿಗರೇಟು ತಂದರೆ ಜರ್ಮನ್ನರು ತಮ್ಮ ಕಪ್ಪು ರೊಟ್ಟಿ, ಬಿಸ್ಕತ್ತು, ಹಂದಿಮಾಂಸ ಕೊಟ್ಟರು. ಕಂಡದ್ದನ್ನು ಶಿರ್‌ಮನ್ ಮುಂದೆ ಬರೆದಿಟ್ಟಿದ್ದಾನೆ. ಬೇರೆ ಬೇರೆ ದೇಶದ ಹುಡುಗರು ಒಬ್ಬರನ್ನೊಬ್ಬರು ಅರಿಯಲು ಕೂಡುವ ಜಾಗಗಳನ್ನು ಯಾಕೆ ಕಟ್ಟಬಾರದು ಎಂಬ ಯೋಚನೆ ಆ ದಿನದ್ದು. 1919ರಲ್ಲಿ ಅವನು ಜರ್ಮನಿಯ ಯೂತ್ ಹಾಸ್ಟೆಲ್ ಸಂಘ ಕಟ್ಟಿದ. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಅದರ ಅಧ್ಯಕ್ಷನಾದ. 1936ರಲ್ಲಿ ನಾಜಿ ಸರ್ಕಾರ ಅವನನ್ನು ಆ ಜಾಗದಿಂದ ಇಳಿಸಿತು. ಅಪರಿಚಿತರ ಪಕ್ಕದಲ್ಲಿ ಮಲಗಿ ಎದ್ದ ಹುಡುಗರು ಎಂಥವರಾಗುತ್ತಾರೆ ಎಂಬುದು ಆ ಸರ್ಕಾರಕ್ಕೆ ಗೊತ್ತಿತ್ತೆಂದು ನನಗನ್ನಿಸುತ್ತದೆ.

ಈ ಕಥೆಯಲ್ಲಿ ನಾವು ಮರೆತಿರುವ ಒಂದು ಸಂಗತಿಯಿದೆ. ಹಳೆಯ ಯೂತ್ ಹಾಸ್ಟೆಲುಗಳಲ್ಲಿ ಕಸ ಗುಡಿಸುತ್ತಿದ್ದವರು ಯಾರು? ತಂಗಿದವರೇ. ಬ್ರಿಟನ್ನಿನಲ್ಲಂತೂ ಇದು ಹಲವು ದಶಕ ನಡೆದ ಪದ್ಧತಿ. ಬೆಳಿಗ್ಗೆ ಹೊರಡುವ ಮುಂಚೆ ಪ್ರತಿಯೊಬ್ಬನೂ ಒಂದು ಕೆಲಸ ಮಾಡಬೇಕು. ಒಬ್ಬ ಆಲೂಗಡ್ಡೆ ಸುಲಿದರೆ ಇನ್ನೊಬ್ಬ ಪಾತ್ರೆ ತೊಳೆಯಬೇಕು, ಮತ್ತೊಬ್ಬ ಮೆಟ್ಟಿಲು ಒರೆಸಬೇಕು. ವಕೀಲನ ಮಗನಿಗೂ ಗಿರಣಿ ಕೆಲಸದವಳಿಗೂ ಒಂದೇ ನಿಯಮ. ಹಾಸಿಗೆ ಅಗ್ಗವಾಗಿದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಮುಯ್ಯಿ. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮುಯ್ಯಾಳು ಬಂದ ದಿನ ಕೂಲಿಯ ಮಾತಿಲ್ಲ, ಊಟ ಮಾತ್ರ ಚೆನ್ನಾಗಿರಬೇಕು. ಹಣ ಕೈ ಬದಲಾಗದಿದ್ದರೂ ಲೆಕ್ಕ ಇದ್ದೇ ಇರುತ್ತದೆ. ಯಾರ ಮನೆಯಿಂದ ಎಷ್ಟು ಆಳು ಬಂದಿದ್ದರು ಎಂಬುದನ್ನು ಅಜ್ಜಿ ಮರೆಯುತ್ತಿರಲಿಲ್ಲ. ಮುಯ್ಯಿ ನಿಂತಿರುವುದೇ ತಿರುಗಿ ಬರುವುದರ ಮೇಲೆ. ಇವತ್ತು ಬಗ್ಗಿದ ಬೆನ್ನು ನಾಳೆ ಬದುವಿನ ಮೇಲೆ ನೆಟ್ಟಗೆ ನಿಂತಿರುತ್ತದೆ.

ಹಾಸಿಗೆಗೆ ಬದಲಾಗಿ ಕೆಲಸ ಎನ್ನುವವರು ಆಡುವುದೂ ಇದೇ ಭಾಷೆ: ಇದು ಸಂಬಳವಲ್ಲ, ವಿನಿಮಯ. ಇದರ ಬೇರು ಒಳ್ಳೆಯದೇ. 1971ರಲ್ಲಿ ಲಂಡನ್ನಿನಲ್ಲಿ ಕಾರ್ಯದರ್ಶಿ ಕೆಲಸದಲ್ಲಿದ್ದ ಸೂ ಕೊಪರ್ಡ್ ಎಂಬಾಕೆ ಪಟ್ಟಣದವರನ್ನು ವಾರದ ಕೊನೆಗೆ ಸಸೆಕ್ಸ್‌ನ ಸಾವಯವ ತೋಟವೊಂದಕ್ಕೆ ದುಡಿಯಲು ಕರೆದೊಯ್ದು ವೂಫ್ ಚಳವಳಿಗೆ ನಾಂದಿ ಹಾಡಿದಳು. ಮಣ್ಣು ಮುಟ್ಟದವರಿಗೆ ಮಣ್ಣು, ಕೈ ಸಾಲದ ರೈತನಿಗೆ ಕೈ. ಅಲ್ಲಿ ಕಲಿಯುವುದಿತ್ತು, ಒಂದೇ ಮೇಜಿನಲ್ಲಿ ಉಣ್ಣುವುದಿತ್ತು. ಆಮೇಲೆ ವರ್ಕ್‌ಅವೇಯಂಥ ಜಾಲತಾಣಗಳು ಬಂದವು. ದಿನಕ್ಕೆ ಸುಮಾರು 5 ಗಂಟೆ, ವಾರಕ್ಕೆ 5 ದಿನ ಎಂಬ ಲೆಕ್ಕ ರೂಢಿಯಾಯಿತು, ವ್ಯವಸ್ಥೆ ತೋಟದಿಂದ ಹಾಸ್ಟೆಲಿಗೆ ದಾಟಿತು. ದಾಟುವಾಗ ಮುಯ್ಯಿ ಹಿಂದೆ ಉಳಿಯಿತು. ನಾನು ದಿನಕ್ಕೆ ಇಪ್ಪತ್ತು ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದೆ. ಮೇಲಿನ ಮಂಚದ ಗೋಡೆ ಬದಿಯ ಮೂಲೆಗೆ ಎಲಾಸ್ಟಿಕ್ ಬೆಡ್‌ಶೀಟ್ ಸಿಕ್ಕಿಸಲು ಏಣಿಯ ಮೇಲೆ ಒಂಟಿ ಮೊಣಕಾಲೂರಿ ಮೈ ಚಾಚಬೇಕು. ಈ ಮೂಲೆ ಸಿಕ್ಕಿಸಿದರೆ ಆ ಮೂಲೆ ಕಿತ್ತು ಬರುತ್ತದೆ. ಮಾಲೀಕರು ಯಾವತ್ತಾದರೂ ನನ್ನ ಹಾಸಿಗೆಗೆ ಬಟ್ಟೆ ಹಾಸುವ ದಿನ ಬರುವುದುಂಟೆ? ಹಣ ಕೊಟ್ಟು ತಂಗಿದ ನನ್ನದೇ ವಯಸ್ಸಿನವರಿಗೆ ನೆಲ ಒರೆಸುವ ಸರದಿ ಬರುವುದುಂಟೆ? ಎಲ್ಲರೂ ಗುಡಿಸುತ್ತಿದ್ದ ಮನೆಯಲ್ಲಿ ಈಗ ಕೆಲವರು ತಂಗುತ್ತಾರೆ, ಕೆಲವರು ಗುಡಿಸುತ್ತಾರೆ. ತಿರುಗಿ ಬಾರದ ಮುಯ್ಯಿಗೆ ಕನ್ನಡದಲ್ಲಿ ಬೇರೆ ಹೆಸರಿದೆ.

ಬಿಟ್ಟಿ ಎಂಬ ಆ ಮಾತನ್ನು ಹಗುರವಾಗಿ ಬಳಸಲು ನನಗೆ ಮನಸ್ಸಿಲ್ಲ. ನಮ್ಮ ದೇಶದಲ್ಲಿ ಬಿಟ್ಟಿ ಚಾಕರಿ ತಲೆಮಾರುಗಳ ಬೆನ್ನು ಮುರಿದಿದೆ. ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಬೇಕಾಯಿತು. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ, ಬೇಡವೆಂದರೆ ಮರುದಿನವೇ ಹೊರಡಬಹುದಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಆ ತಲೆಮಾರುಗಳಿಗೆ ಅನ್ಯಾಯ. ಹಾಗಾಗಿ ಬೈಗುಳ ಬಿಟ್ಟು ಲೆಕ್ಕವನ್ನೇ ನೋಡೋಣ.

2024ರಲ್ಲಿ ಜರ್ಮನಿಯ ಕನಿಷ್ಠ ವೇತನ ಗಂಟೆಗೆ 12.41 ಯೂರೊ. ಎರಡು ವಾರದ 50 ಗಂಟೆಗೆ 620 ಯೂರೊ ಆಗುತ್ತದೆ. ಕೆಲಸಗಾರನಿಗೆ ಪುಕ್ಕಟೆ ಕೊಟ್ಟ ವಸತಿ, ಊಟವನ್ನೂ ಜರ್ಮನ್ ಕಾನೂನು ಸಂಬಳದ ಭಾಗವೆಂದೇ ಎಣಿಸುತ್ತದೆ, ಅದಕ್ಕೆ ವರ್ಷವರ್ಷ ಬೆಲೆ ಗೊತ್ತುಮಾಡುತ್ತದೆ. ಆ ವರ್ಷ ತಿಂಗಳ ವಸತಿಗೆ 278 ಯೂರೊ, ಬೆಳಗಿನ ತಿಂಡಿಗೆ 65. ಅರ್ಧ ತಿಂಗಳಿಗೆ ಎರಡೂ ಸೇರಿ 172 ಯೂರೊ ಆಗಲಿಲ್ಲ. ಸರ್ಕಾರದ ಲೆಕ್ಕ ಬೇಡ, ಮಾರುಕಟ್ಟೆಯ ಬೆಲೆಯನ್ನೇ ಹಿಡಿಯೋಣ ಎಂದರೂ, ಅಲ್ಲಿ ಒಂದು ಹಾಸಿಗೆಗೆ ರಾತ್ರಿಗೆ 30 ಯೂರೊ ಇತ್ತು, 14 ರಾತ್ರಿಗೆ 420. ಹೇಗೆ ಕೂಡಿದರೂ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಹಬ್ಬದ ದಿನದ ಗಂಟೆಗಂತೂ ಬೆಲೆ ಬೇರೆಯೇ. ಜರ್ಮನಿಯ ಆದಾಯ ತೆರಿಗೆ ಕಾಯ್ದೆಯಲ್ಲಿ ಒಂದು ಸಾಲಿದೆ; ಅದನ್ನು ಓದಿದ ದಿನ ನನ್ನ ಕಣ್ಣು ತೆರೆಯಿತು. ಡಿಸೆಂಬರ್ 24ರ ಮಧ್ಯಾಹ್ನ 2 ಗಂಟೆಯ ನಂತರ ಹಾಗೂ 25, 26ರಂದು ದುಡಿದವರಿಗೆ ಮಾಲೀಕರು ಹೆಚ್ಚುವರಿ ಭತ್ಯೆ ಕೊಟ್ಟರೆ, ಮೂಲ ವೇತನದ ನೂರಕ್ಕೆ 150ರವರೆಗೆ ಅದಕ್ಕೆ ತೆರಿಗೆಯಿಲ್ಲ. ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ, ನಿಜ. ಆದರೆ ಎಲ್ಲರೂ ಮನೆಯೊಳಗಿರುವ ಹೊತ್ತಿನಲ್ಲಿ ಹೊರಗೆ ನಿಂತು ದುಡಿಯುವವನ ಗಂಟೆ ಮಿಕ್ಕ ಗಂಟೆಗಳಂತಲ್ಲ ಎಂಬುದನ್ನು ಆ ಸಮಾಜ ಕಾನೂನಿನಲ್ಲೇ ಒಪ್ಪಿಕೊಂಡಿದೆ. ವರ್ಷದಲ್ಲೇ ಅತಿ ದುಬಾರಿಯಾದ ಆ ಗಂಟೆಗಳನ್ನು ತುಂಬಲು ಅತಿ ಅಗ್ಗವಾಗಿ ಸಿಗುವವರು ಹಬ್ಬವಿಲ್ಲದ ಪರದೇಶಿಗಳು. ಪಾಳಿಪಟ್ಟಿಯಲ್ಲಿ 24ರ ಸಂಜೆ ನನ್ನದು, 25ರ ಬೆಳಿಗ್ಗೆ ನನ್ನಂತೆಯೇ ವಾಲಂಟಿಯರ್ ಆಗಿದ್ದ ಕೊರಿಯಾದ ಹುಡುಗಿಯದು. ‘ನಿಮಗೆ ಇದು ಹಬ್ಬವಲ್ಲವಲ್ಲ’ ಎಂದು ಮಾಲೀಕರು ಸಹಜವಾಗಿಯೇ ಹೇಳಿದ್ದರು.

ವಾಲಂಟಿಯರ್ ಎಂಬ ಪದದ ಕೆಲಸ ಏನೆಂಬುದೂ ಇಲ್ಲಿ ತಿಳಿಯುತ್ತದೆ. 2015ರಿಂದ ಜಾರಿಯಲ್ಲಿರುವ ಕನಿಷ್ಠ ವೇತನ ಕಾಯ್ದೆ ಗೌರವಸೇವೆಯಲ್ಲಿ ಇರುವವರಿಗೆ ಅನ್ವಯಿಸುವುದಿಲ್ಲ. ಜರ್ಮನ್ನಿನಲ್ಲಿ ಅಂಥ ಸೇವೆಗೆ ‘ಏರೆನ್‌ಆಮ್ಟ್’ ಎಂಬ ಘನವಾದ ಮಾತಿದೆ. ಊರಿನ ಅಗ್ನಿಶಾಮಕ ದಳದಲ್ಲಿ, ವೃದ್ಧಾಶ್ರಮದಲ್ಲಿ ಪುಕ್ಕಟೆ ದುಡಿಯುವವರಿಗೆ ಸಲ್ಲುವ ಮಾತು. ನಮ್ಮ ಹಾಸ್ಟೆಲಿನಲ್ಲಿ ಮಿಕ್ಕೆಲ್ಲ ಮಾತುಕತೆ ಜರ್ಮನ್ನಿನಲ್ಲೇ ನಡೆದರೂ ಈ ಕೆಲಸಕ್ಕೆ ಆ ಪದವನ್ನು ಯಾರೂ ಬಳಸುತ್ತಿರಲಿಲ್ಲ, ಇಂಗ್ಲಿಷಿನ ವಾಲಂಟಿಯರ್ ಎನ್ನುತ್ತಿದ್ದರು. ತಮ್ಮ ಭಾಷೆಯ ಪದ ಇದಕ್ಕೆ ಹೊಂದದು ಎಂದು ಅವರಿಗೂ ಅನ್ನಿಸಿದ್ದಿರಬೇಕು.

ಇದರಿಂದ ಯಾರಿಗೆ ನಷ್ಟ, ಇಬ್ಬರೂ ಒಪ್ಪಿದ್ದಾರಲ್ಲ ಎಂದು ಗೆಳೆಯರು ಕೇಳುತ್ತಾರೆ. ಮೊದಲು ನಾನೂ ಹಾಗೇ ಯೋಚಿಸಿದ್ದೆ. ಡಿಸೆಂಬರ್ 23ರ ಬೆಳಿಗ್ಗೆ ಲಾಂಡ್ರಿ ಕೋಣೆಯಲ್ಲಿ ಶುಚಿ ಕೆಲಸದ ಹೆಂಗಸು ಸಿಕ್ಕರು. ರೊಮೇನಿಯಾದವರು, ಐವತ್ತರ ಆಸುಪಾಸು. ಅವರದು ಗಂಟೆ ಲೆಕ್ಕದ ಸಂಬಳ. ದಿಂಬಿನ ಕವರನ್ನು ಒಳಗಿನಿಂದ ಹೊರಕ್ಕೆ ತಿರುವಿ, ಎರಡು ಮೂಲೆ ಹಿಡಿದು ದಿಂಬಿನ ಮೇಲೆ ಒಂದೇ ಸಲ ಜಾರಿಸುವುದನ್ನು ನನಗೆ ಕಲಿಸಿದ್ದು ಅವರೇ. ‘ಹಬ್ಬಕ್ಕೆ ಊರಿಗೆ ಹೋಗ್ತಿದ್ದೀರಾ?’ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಕೆಲಸವಿದೆಯೇ ಎಂದರೆ ಅದಕ್ಕೂ ಇಲ್ಲ. ನನಗಿಂತ ಒಂದಿಷ್ಟೇ ಚೆನ್ನಾಗಿದ್ದ ತಮ್ಮ ಜರ್ಮನ್ನಿನಲ್ಲಿ, ವಾಲಂಟಿಯರುಗಳು ಬಂದ ವಾರ ನನ್ನ ಗಂಟೆ ಕಡಿಮೆಯಾಗುತ್ತದೆ, 27ಕ್ಕೆ ಬರಲು ಹೇಳಿದ್ದಾರೆ ಎಂದರು. ದೂರುವ ದನಿ ಇರಲಿಲ್ಲ. ಮಳೆ ಬಂದರೆ ಗದ್ದೆ ಕೆಲಸ ನಿಲ್ಲುತ್ತದೆ ಎನ್ನುವ ಹಾಗೆ ಹೇಳಿ ಮುಂದಿನ ದಿಂಬಿಗೆ ಕೈ ಹಾಕಿದರು. ಆ ಮಳೆ ನಾನಾಗಿದ್ದೆ.

ಇಬ್ಬರ ಒಪ್ಪಿಗೆ ಸಾಕು ಎನ್ನುವ ವಾದ ಅಂದೇ ನನ್ನ ಪಾಲಿಗೆ ಮುಗಿಯಿತು. ಅಲ್ಲಿ ಮೂರನೆಯವರಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ಸಣ್ಣ ಹಾಸ್ಟೆಲುಗಳು ಸಂಬಳ ಕೊಟ್ಟು ಬದುಕುವುದು ಕಷ್ಟ ಎಂಬ ಮಾತಿನಲ್ಲಿ ಸತ್ಯವಿದೆ. ವಿದ್ಯುತ್ತು, ಬಾಡಿಗೆ, ಲಾಂಡ್ರಿ ಎಲ್ಲ ಏರಿವೆ, ನಾನು ಕಂಡ ಮಾಲೀಕರೂ ಹಣದ ರಾಶಿಯ ಮೇಲೆ ಕುಳಿತವರಲ್ಲ. ಆದರೆ ಕಷ್ಟದಲ್ಲಿರುವ ಬೇಕರಿಯವನು ಹಿಟ್ಟನ್ನು ಪುಕ್ಕಟೆ ಕೇಳುವುದಿಲ್ಲ. ಪುಕ್ಕಟೆ ಕೇಳಬಹುದು ಎಂದು ಹೊಳೆಯುವುದು ದುಡಿಮೆಯೊಂದನ್ನೇ, ಅದೂ ಯುವಕರ ದುಡಿಮೆಯನ್ನು. ಅನುಭವ ಸಿಗುತ್ತದಲ್ಲ ಎಂಬ ಸಮಾಧಾನವೂ ಅರ್ಧ ಸತ್ಯ. ಸಂಬಳ ಕೊಟ್ಟರೆ ಅನುಭವ ಕರಗಿಹೋಗುವುದಿಲ್ಲ.

ನಿಜವಾದ ಸ್ವಯಂಸೇವೆಗೆ ಕ್ರಿಸ್‌ಮಸ್ ಕಾಲದ ಜರ್ಮನಿಯಲ್ಲಿ ಜಾಗ ಬೇಕಾದಷ್ಟಿದೆ. ದೊಡ್ಡ ರೈಲು ನಿಲ್ದಾಣಗಳಲ್ಲಿ ‘ಬಾನ್‌ಹೋಫ್ಸ್‌ಮಿಸಿಯೋನ್’ ಎಂಬ ನೆರವಿನ ಕೋಣೆಗಳಿವೆ. ಮೊದಲನೆಯದು 1894ರಲ್ಲಿ ಬರ್ಲಿನ್ನಿನಲ್ಲಿ ಶುರುವಾದದ್ದು, ಹಳ್ಳಿಯಿಂದ ಕೆಲಸ ಹುಡುಕಿ ಬರುವ ಹೆಣ್ಣುಮಕ್ಕಳ ರಕ್ಷಣೆಗೆಂದು. ಇವತ್ತೂ ಅಲ್ಲಿ ಸೂರಿಲ್ಲದವರಿಗೆ, ದಾರಿ ತಪ್ಪಿದ ಮುದುಕರಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂರುವವರು ಬಹುಪಾಲು ಪುಕ್ಕಟೆ ದುಡಿಯುವವರೇ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಮನೆಮನೆಯಲ್ಲೂ ಮೇಣದಬತ್ತಿ ಹಚ್ಚುವ ಆ ಹಸಿರು ಬಳೆ ಹುಟ್ಟಿದ್ದೂ ಇಂಥದ್ದೇ ಒಂದು ಕಡೆ. 1839ರಲ್ಲಿ ಹ್ಯಾಂಬರ್ಗಿನ ಬಡ ಮಕ್ಕಳ ಆಶ್ರಯಮನೆಯಲ್ಲಿ ಯೋಹಾನ್ ಹಿನ್ರಿಚ್ ವಿಖೆರ್ನ್ ಎಂಬ ಪಾದ್ರಿ, ಹಬ್ಬ ಯಾವಾಗ ಎಂದು ದಿನವೂ ಪೀಡಿಸುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸಿದ, ದಿನಕ್ಕೊಂದರಂತೆ ಹಚ್ಚಲು. ಅಲ್ಲಿ ‘ಯಾರಿಗೆ ಸೇವೆ?’ ಎಂದು ಅಮ್ಮ ಕೇಳಿದ್ದರೆ ತಡವರಿಸಬೇಕಿರಲಿಲ್ಲ.

ವಿದೇಶಕ್ಕೆ ಹೊರಡುವ ನಮ್ಮ ಮಕ್ಕಳಿಗೆ ಇನ್ನೊಂದನ್ನೂ ಹೇಳಬೇಕು, ಏಕೆಂದರೆ ಪೆಟ್ಟು ಬೀಳುವುದು ಅವರಿಗೇ. ಷೆಂಗೆನ್ ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಅನುಮತಿಯಿಲ್ಲ. ಸಂಬಳ ಹಾಸಿಗೆಯ ರೂಪದಲ್ಲಿ ಬಂದರೂ ಸಂಬಳವೇ. ಬ್ರಿಟನ್ನಿನ ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡಬಹುದು, ಆದರೆ 30 ದಿನ ಮೀರದಂತೆ, ಅದೂ ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ ಮಾತ್ರ. ಜರ್ಮನಿಯಲ್ಲಿ ಓದುವವರಿಗೆ 2024ರಿಂದ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡುವ ಹಕ್ಕಿದೆ. ಹಕ್ಕಿರುವಾಗ ಕರಾರು ಕೇಳಿ, ಸಂಬಳ ಕೇಳಿ. ಹೆಸರು ವಾಲಂಟಿಯರ್ ಎಂದಿದ್ದರೆ ಜಾರಿ ಬಿದ್ದು ಕೈ ಮುರಿದ ದಿನ ಅಪಘಾತ ವಿಮೆಯ ಪ್ರಶ್ನೆಗೂ ಉತ್ತರ ಕಷ್ಟ. ಸಂಬಳ ಕೊಡಲು ಆಗದ ಹಾಸ್ಟೆಲಿಗೆ ಶಿರ್‌ಮನ್ ಕಾಲದ ದಾರಿ ತೆರೆದೇ ಇದೆ: ತಂಗಿದವರೆಲ್ಲ ತಲೆಗೊಂದು ಕೆಲಸ ಮಾಡಿ, ಹಾಸಿಗೆಯ ಬೆಲೆ ಎಲ್ಲರಿಗೂ ಇಳಿಯಲಿ.

24ರ ಸಂಜೆ ಆ ಹಾಸ್ಟೆಲಿನಲ್ಲಿ ಉಳಿದಿದ್ದವರು ಒಂಬತ್ತು ಜನ. ಅವರಲ್ಲಿ ಒಬ್ಬರು ಪೋಲೆಂಡಿನ ಗಾರೆ ಕೆಲಸದವರು, ರಜೆ ಸಾಲದೆ ಊರಿಗೆ ಹೋಗಲಾಗದವರು. ಮಾಲೀಕರು ಇಟ್ಟುಹೋಗಿದ್ದ ಆಲೂಗಡ್ಡೆ ಸಲಾಡ್, ಸಾಸೇಜುಗಳಲ್ಲಿ ಅವರು ಸಾಸೇಜು ಮುಟ್ಟಲಿಲ್ಲ. ತಮ್ಮ ಕಡೆ ಈ ರಾತ್ರಿ ಮಾಂಸ ತಿನ್ನುವುದಿಲ್ಲ ಎಂದರು. ನಾನು ಒಂದು ಪಾತ್ರೆ ಅನ್ನ ಮಾಡಿ, ಸಾಸಿವೆ, ಕಡಲೆಕಾಯಿ ಬೀಜ, ಅರಿಸಿನದ ಒಗ್ಗರಣೆ ಹಾಕಿ, ನಾಲ್ಕು ನಿಂಬೆಹಣ್ಣು ಹಿಂಡಿದೆ. ಪಾಳಿಪಟ್ಟಿಯಲ್ಲಿ ಚಿತ್ರಾನ್ನ ಇರಲಿಲ್ಲ. ಕೊರಿಯಾದ ಹುಡುಗಿ ತಟ್ಟೆಗಳನ್ನು ಇಡುತ್ತಿದ್ದಳು. ಅವಳು ಒಂಬತ್ತು ಇಟ್ಟಾಗ ಆ ಪೋಲಿಷ್ ಮನುಷ್ಯ ಎದ್ದು ಹೋಗಿ ಹತ್ತನೆಯದನ್ನು ತಂದು, ಚಮಚ ಸಮೇತ, ಬಾಗಿಲ ಕಡೆಯ ಕುರ್ಚಿಯ ಮುಂದೆ ಇಟ್ಟರು. ತಪ್ಪು ಎಣಿಸಿದರೇನೋ ಎಂದುಕೊಂಡು ನಾನು ಬೆರಳು ಮಡಚಿ ತೋರಿಸಿದೆ. ಅವರು ತಲೆಯಾಡಿಸಿ ಬಾಗಿಲನ್ನು ತೋರಿಸಿದರು. ಹೇಳದೆ ಬರುವ ಅತಿಥಿಗೆಂದು ಆ ರಾತ್ರಿ ಒಂದು ತಟ್ಟೆ ಹೆಚ್ಚು ಇಡುವುದು ಪೋಲೆಂಡಿನ ಪದ್ಧತಿ ಎಂಬುದು ನನಗೆ ತಿಳಿದದ್ದು ಆಮೇಲೆ.

ಹತ್ತಕ್ಕೆ ನನ್ನ ಪಾಳಿ ಮುಗಿಯಿತು. ನಾನು ಮೇಲೆ ಹೋಗಲಿಲ್ಲ, ಅವರೂ ಹೋಗಲಿಲ್ಲ. ಹನ್ನೊಂದೂವರೆಯವರೆಗೆ ಬಾಗಿಲಿನ ಬೀಗ ಹಾಕದೆ ಕುಳಿತಿದ್ದೆವು, ಇಬ್ಬರಿಗೂ ಬರುವ ನಾಲ್ಕಾರು ಜರ್ಮನ್ ಮಾತಿನಲ್ಲಿ ಅವರ ಮಗಳ ಬಗ್ಗೆ, ನಮ್ಮ ಗದ್ದೆಯ ಬಗ್ಗೆ ಮಾತಾಡುತ್ತ. ಯಾರೂ ಬರಲಿಲ್ಲ. ಪಾತ್ರೆಯ ತಳದಲ್ಲಿ ಒಂದು ಹಿಡಿ ಚಿತ್ರಾನ್ನ ಮಿಕ್ಕಿತ್ತು, ಅದನ್ನು ಡಬ್ಬಿಗೆ ಹಾಕಿ ಮೇಲೆ ಚೀಟಿ ಅಂಟಿಸಿದೆ. ಆಮೇಲೆ ಒಂಬತ್ತು ತಟ್ಟೆ ತೊಳೆದು, ಹತ್ತನೆಯದನ್ನೂ ತೊಳೆದು ಒರೆಸಿಟ್ಟೆ. ಅವರು ಪಕ್ಕದಲ್ಲಿ ನಿಂತು ಬಟ್ಟೆಯಲ್ಲಿ ಚಮಚಗಳನ್ನು ಒರೆಸುತ್ತಿದ್ದರು.